ಡ್ರಾಪ್‌ಡೌನ್ ಪಟ್ಟಿಯನ್ನು ಡೇಟಾಬೇಸ್‌ನ ಚೆಕ್ ಕನ್‌ಸ್ಟ್ರೇಂಟ್‌ನಿಂದಲೇ ತೆಗೆಯಬಹುದಾ?

ಪಂಪ್‌ಹೌಸ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಸಂಪು, ಪಂಪು, ಮಳೆನೀರು ಕೊಯ್ಲಿನ ಗುಂಡಿ ನೋಡಿಕೊಳ್ಳುವ ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕೆಲಸದ ಚೀಟಿಗಳೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿವೆ. ‘ಕೆಲಸ’ ಅನ್ನೋ ಟೇಬಲ್‌ನಲ್ಲಿ ‘ವಲಯ’ ಅಂತ ಒಂದು ಕಾಲಂ. ಅದಕ್ಕೆ ಚೆಕ್ ಕನ್‌ಸ್ಟ್ರೇಂಟ್ (ಕಾಲಂನಲ್ಲಿ ಯಾವ ವ್ಯಾಲ್ಯೂ ಇರಬಹುದು ಅನ್ನೋ ಷರತ್ತು) ಹಾಕಿ ಬಿಬಿಎಂಪಿಯ ಎಂಟು ವಲಯಗಳ ಹೆಸರು ಬರೆದಿದ್ದಾರೆ: ಪೂರ್ವ, ಪಶ್ಚಿಮ, ದಕ್ಷಿಣ, ಯಲಹಂಕ, ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ರಾಜರಾಜೇಶ್ವರಿ ನಗರ. ‘ಸ್ಥಿತಿ’ ಕಾಲಂಗೂ ಹಾಗೇ: ಹೊಸದು, ನಡೆಯುತ್ತಿದೆ, ಮುಗಿದಿದೆ, ರದ್ದು.

ಇದೇ ಪಟ್ಟಿ ಮೊಬೈಲ್ ಆ್ಯಪ್‌ನಲ್ಲೂ ಇದೆ, ವೆಬ್ ಫಾರ್ಮ್‌ನಲ್ಲೂ ಇದೆ, ತಿಂಗಳ ವರದಿ ತೆಗೆಯುವ ಪೈಥಾನ್ ಸ್ಕ್ರಿಪ್ಟ್‌ನಲ್ಲೂ ಇದೆ. ಒಂದು ಕಡೆ ‘ಆರ್.ಆರ್. ನಗರ’, ಇನ್ನೊಂದು ಕಡೆ ‘ರಾಜರಾಜೇಶ್ವರಿ ನಗರ’. ಆ್ಯಪ್‌ನಿಂದ ಬಂದ ಚೀಟಿ ಸೇವ್ ಆಗದೆ ವಾಪಸ್ ಹೋದಾಗಲೇ ಇದು ಗೊತ್ತಾಗೋದು. ಯಾವ ವ್ಯಾಲ್ಯೂ ಸರಿ ಅಂತ ಡೇಟಾಬೇಸ್‌ಗೆ ಹೇಗೂ ಗೊತ್ತಿದೆಯಲ್ಲ? ಅದನ್ನೇ ಕೇಳಿ ಡ್ರಾಪ್‌ಡೌನ್ ತುಂಬಿಸಿದರೆ ಆಗಲ್ವಾ? ಹೇಗೆ ಕೇಳೋದು?

(ಕೋಡನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕಾಪಿ ಮಾಡಿ ಅಂಟಿಸಿದರೆ ಓಡಲ್ಲ, ಬೈಬೇಡಿ.)

ಬಸವನಗುಡಿ_ಬ್ಯಾಕೆಂಡ್

ಕೇಳಬಹುದು. ಇನ್ಫರ್ಮೇಶನ್ ಸ್ಕೀಮಾ ಅಂತ ಇದೆ ನೋಡಿ, ಡೇಟಾಬೇಸ್ ತನ್ನ ಟೇಬಲ್, ಕಾಲಂಗಳ ವಿವರ ತೋರಿಸೋ ಜಾಗ, 1992ರ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಿಂದಲೂ ಇದೆ. ಅದರಲ್ಲಿ ‘ಚೆಕ್_ಕನ್‌ಸ್ಟ್ರೇಂಟ್ಸ್’ ಅನ್ನೋ ವ್ಯೂ, ಅದರಲ್ಲಿ ‘ಚೆಕ್_ಕ್ಲಾಸ್’ ಅನ್ನೋ ಕಾಲಂ. ಷರತ್ತು ಪೂರ್ತಿ ಅಲ್ಲಿ ಟೆಕ್ಸ್ಟ್ ಆಗಿ ಸಿಗುತ್ತದೆ. ಒಂದು ರೆಜೆಕ್ಸ್ (ಟೆಕ್ಸ್ಟ್‌ನಲ್ಲಿ ಮಾದರಿ ಹುಡುಕುವ ಸೂತ್ರ) ಹಾಕಿ ಕೋಟ್‌ಗಳ ನಡುವೆ ಇರೋದನ್ನ ಎತ್ತಿಕೊಳ್ಳಿ. ಕೆಲಸ ಮುಗೀತು.

ಪಂಪ್‌ಹೌಸ್_ಹುಡುಗಿ

ಮಾಡಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸಕತ್ತಾಗಿ ಬರುತ್ತದೆ. ಟೆಸ್ಟ್ ಸರ್ವರ್‌ಗೆ ಹಾಕಿದರೆ ಡ್ರಾಪ್‌ಡೌನ್ ಖಾಲಿ. ಎರರ್ ಇಲ್ಲ, ಏನಿಲ್ಲ, ಸುಮ್ನೆ ಖಾಲಿ. ಕನ್‌ಸ್ಟ್ರೇಂಟ್ ಇದೆ, ತಪ್ಪು ವ್ಯಾಲ್ಯೂ ಹಾಕಿದರೆ ಬೈಯುತ್ತದೆ. ಏನಿದು?

ಡಿಬಿಎ_ಅಜ್ಜ

ಲ್ಯಾಪ್‌ಟಾಪ್‌ನಲ್ಲಿ ಟೇಬಲ್ ಮಾಡಿದ್ದೂ ನೀವೇ, ಕ್ವೆರಿ ಓಡಿಸಿದ್ದೂ ನೀವೇ, ಅಲ್ವಾ ಮೇಡಂ? ಸರ್ವರ್‌ನಲ್ಲಿ ಟೇಬಲ್‌ನ ಒಡೆಯ ಒಬ್ಬ ಯೂಸರ್, ಆ್ಯಪ್ ಲಾಗಿನ್ ಆಗೋದು ಇನ್ನೊಬ್ಬ ಯೂಸರ್. ಪೋಸ್ಟ್‌ಗ್ರೆಸ್‌ನಲ್ಲಿ ಆ ವ್ಯೂ ತೋರಿಸೋದು ನಿಮ್ಮ ರೋಲ್ ಒಡೆತನದ ಕನ್‌ಸ್ಟ್ರೇಂಟ್‌ಗಳನ್ನು ಮಾತ್ರ. ಸೆಲೆಕ್ಟ್, ಇನ್ಸರ್ಟ್ ಎಲ್ಲ ಹಕ್ಕು ಕೊಟ್ಟಿದ್ದರೂ ಅಷ್ಟೇ. ಒಡೆಯರಲ್ಲದವರಿಗೆ ಸೊನ್ನೆ ಸಾಲು.

ಇನ್ನೊಂದು ಸಂಗತಿ. ಪೋಸ್ಟ್‌ಗ್ರೆಸ್‌ನಲ್ಲಿ ಕನ್‌ಸ್ಟ್ರೇಂಟ್ ಹೆಸರು ಒಂದು ಟೇಬಲ್‌ನ ಒಳಗೆ ಒಂದೇ ಇದ್ದರೆ ಸಾಕು. ಸ್ಟ್ಯಾಂಡರ್ಡ್ ಅಂದುಕೊಂಡಿರೋದು ಸ್ಕೀಮಾಗೆಲ್ಲ ಒಂದೇ ಅಂತ. ಹಾಗಾಗಿ ಎರಡು ಟೇಬಲ್‌ನಲ್ಲಿ ‘ಸ್ಥಿತಿ_ಚೆಕ್’ ಅಂತ ಹೆಸರಿಟ್ಟು, ಆ ವ್ಯೂಗಳನ್ನು ಹೆಸರಿನ ಮೇಲೆ ಜಾಯಿನ್ ಮಾಡಿದರೆ ಒಂದರ ವ್ಯಾಲ್ಯೂ ಇನ್ನೊಂದಕ್ಕೆ ಸೇರಿಕೊಳ್ಳುತ್ತದೆ.

ಅದನ್ನು ಬಿಡಿ. ನೇರ ಕ್ಯಾಟಲಾಗ್‌ಗೆ, ಅಂದರೆ ಪೋಸ್ಟ್‌ಗ್ರೆಸ್ ತನ್ನ ಲೆಕ್ಕ ಇಟ್ಟುಕೊಳ್ಳುವ ಒಳಗಿನ ಟೇಬಲ್‌ಗಳಿಗೆ ಹೋಗಿ. ‘ಪಿಜಿ_ಕನ್‌ಸ್ಟ್ರೇಂಟ್’ ಟೇಬಲ್, ಅದರಲ್ಲಿ ‘ಕಾನ್‌ಟೈಪ್’ ‘ಸಿ’ ಇರುವ ಸಾಲುಗಳು, ‘ಕಾನ್‌ರೆಲ್‌ಐಡಿ’ ನಿಮ್ಮ ಟೇಬಲ್‌ದು. ‘ಕಾನ್‌ಕೀ’ ನೋಡಿದರೆ ಯಾವ ಕಾಲಂ ಅಂತ ಗೊತ್ತಾಗುತ್ತದೆ. ಷರತ್ತಿನ ಟೆಕ್ಸ್ಟ್‌ಗೆ ‘ಪಿಜಿ_ಗೆಟ್_ಕನ್‌ಸ್ಟ್ರೇಂಟ್‌ಡೆಫ್’ ಫಂಕ್ಷನ್. ಹಳೇ ಬ್ಲಾಗ್‌ಗಳಲ್ಲಿ ‘ಕಾನ್‌ಸೋರ್ಸ್’ ಕಾಲಂ ಓದಿ ಅಂತ ಬರೆದಿರುತ್ತಾರೆ. 12ನೇ ವರ್ಶನ್‌ನಲ್ಲೇ ಅದನ್ನು ತೆಗೆದುಹಾಕಿದ್ದಾರೆ.

ಪಂಪ್‌ಹೌಸ್_ಹುಡುಗಿ

ಅಜ್ಜಾ, ಬಂತು! ಆದರೆ ನಾವು ಬರೆದದ್ದು ‘ಸ್ಥಿತಿ ಇನ್ (ಹೊಸದು, …)’ ಅಂತ. ಅದು ಕೊಟ್ಟಿದ್ದು ಹೀಗೆ:

ಚೆಕ್ (((ಸ್ಥಿತಿ)::ಟೆಕ್ಸ್ಟ್ = ಎನಿ ((ಅರೇ['ಹೊಸದು'::ಕ್ಯಾರೆಕ್ಟರ್ ವೇರಿಯಿಂಗ್, 'ನಡೆಯುತ್ತಿದೆ'::ಕ್ಯಾರೆಕ್ಟರ್ ವೇರಿಯಿಂಗ್, …])::ಟೆಕ್ಸ್ಟ್[])))

ಇದ್ಯಾಕೆ ಹೀಗೆ ಬಾಲ ಬೆಳೆಸಿಕೊಂಡಿದೆ?

ಡಿಬಿಎ_ಅಜ್ಜ

ನೀವು ಬರೆದ ಸಾಲನ್ನು ಅದು ಇಟ್ಟುಕೊಳ್ಳೋದೇ ಇಲ್ಲ. ಓದಿ, ಅರ್ಥ ಮಾಡಿಕೊಂಡು, ಒಳಗೆ ಒಂದು ಎಕ್ಸ್‌ಪ್ರೆಶನ್ ಟ್ರೀ ಆಗಿ ಇಡುತ್ತದೆ. ನೀವು ಕೇಳಿದಾಗ ಆ ಟ್ರೀಯಿಂದ ಹೊಸದಾಗಿ ಟೆಕ್ಸ್ಟ್ ಬರೆದು ಕೊಡುತ್ತದೆ. ‘ಇನ್’ ಹೋಗಿ ‘ಎನಿ ಅರೇ’ ಆಗಿದ್ದು ಹಾಗೆ. ಕಾಲಂ ಟೆಕ್ಸ್ಟ್ ಆಗಿದ್ದರೆ ಬಾಲ ಚಿಕ್ಕದು, ವಾರ್‌ಚಾರ್ ಆಗಿದ್ದರೆ ನೀವು ನೋಡಿದಷ್ಟು ಉದ್ದ. ಪಟ್ಟಿಯಲ್ಲಿ ಒಂದೇ ವ್ಯಾಲ್ಯೂ ಇದ್ದರೆ ಅರೇ ಕೂಡ ಇರಲ್ಲ, ಬರೀ ಸಮ ಚಿಹ್ನೆ. ‘ನಾಟ್ ಇನ್’ ಬರೆದಿದ್ದರೆ ‘ಸಮವಲ್ಲ ಆಲ್’ ಅಂತ ಬರುತ್ತದೆ. ಬಸವನಗುಡಿಯವರ ರೆಜೆಕ್ಸ್ ಆಗ ಬೇಡದ ವ್ಯಾಲ್ಯೂಗಳನ್ನೇ ಡ್ರಾಪ್‌ಡೌನ್‌ಗೆ ಸುರಿಯುತ್ತದೆ!

ಬಸವನಗುಡಿ_ಬ್ಯಾಕೆಂಡ್

ಅಜ್ಜಾ, ‘ನಾಟ್ ಇನ್’ ಹಾಕಿ ಡ್ರಾಪ್‌ಡೌನ್ ಮಾಡೋರು ಯಾರಿದ್ದಾರೆ ಹೇಳಿ. ಇರೋ ಸ್ಕೀಮಾ ನೋಡಿಕೊಂಡು ರೆಜೆಕ್ಸ್ ಬರೆದರೆ ಸಾಕು. ನಮ್ಮಲ್ಲಿ ಹೀಗೇ ಓಡ್ತಾ ಇದೆ.

ಸಾಲು_ಕಾಲಂ

ಇರೋ ಸ್ಕೀಮಾ ನಾಳೆಯೂ ಹಾಗೇ ಇರುತ್ತೆ ಅಂತ ಯಾರು ಹೇಳಿದ್ದು ಗುರು? ನಾಳೆ ಯಾರೋ ಅದೇ ಚೆಕ್‌ಗೆ ‘ಸ್ಥಿತಿ ಮುಗಿದಿದೆ ಆದರೆ ಮುಗಿದ ದಿನಾಂಕ ಇರಲೇಬೇಕು’ ಅಂತ ಇನ್ನೊಂದು ಷರತ್ತು ಸೇರಿಸುತ್ತಾರೆ. ‘ಮುಗಿದಿದೆ’ ಎರಡು ಸಲ ಬರುತ್ತದೆ. ವ್ಯಾಲ್ಯೂ ಒಳಗೇ ಒಂದು ಕೋಟ್ ಇದ್ದರೆ ಅದು ಜೋಡಿ ಕೋಟ್ ಆಗಿ ಬರುತ್ತದೆ. ಕಾಮಾ ಇದ್ದರೆ ಕಥೆ ಬೇರೆ.

ಇಷ್ಟಾಗಿಯೂ ಒಂದು ಸಂಗತಿ ಪಟ್ಟಿಯಲ್ಲಿ ಕಾಣೋದೇ ಇಲ್ಲ: ನಲ್, ಅಂದರೆ ವ್ಯಾಲ್ಯೂ ತುಂಬದೆ ಬಿಟ್ಟ ಜಾಗ. ಚೆಕ್ ಕನ್‌ಸ್ಟ್ರೇಂಟ್ ತಡೆಯೋದು ಷರತ್ತು ಸುಳ್ಳಾದಾಗ ಮಾತ್ರ. ನಲ್ ಬಂದರೆ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ, ಹಾಗಾಗಿ ಒಳಗೆ ಬಿಡುತ್ತದೆ. ‘ಎಂಟೇ ವ್ಯಾಲ್ಯೂ’ ಅಂತ ನಂಬಿಕೊಂಡ ಕಾಲಂನಲ್ಲಿ ಒಂಬತ್ತನೇದು ನಲ್. ಕಾಲಂಗೆ ‘ನಾಟ್ ನಲ್’ ಬೇರೆ ಹಾಕಿದ್ದೀರಾ ನೋಡಿಕೊಳ್ಳಿ.

ಹಳೇ_ಸರ್ವರ್

ಮೈಎಸ್‌ಕ್ಯೂಎಲ್ ಇಟ್ಟುಕೊಂಡಿರೋರಿಗೆ ಒಂದು ಎಚ್ಚರಿಕೆ. 8.0.16ಕ್ಕಿಂತ ಹಿಂದಿನ ವರ್ಶನ್‌ಗಳು ಚೆಕ್ ಕನ್‌ಸ್ಟ್ರೇಂಟ್ ಬರೆದರೆ ತಲೆಯಾಡಿಸಿ, ಓದಿ, ಬಿಸಾಕುತ್ತಿದ್ದವು. ಎರರೂ ಇಲ್ಲ, ತಡೆಯೂ ಇಲ್ಲ. 2019ರಲ್ಲಿ ಬಂದ ಆ ವರ್ಶನ್‌ನಿಂದ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ಹಳೇ ಡೇಟಾಬೇಸ್‌ಗೆ ಬರೆದ ಚೆಕ್ ಎಲ್ಲೂ ಉಳಿದಿಲ್ಲ, ಹುಡುಕಬೇಡಿ. ಮಾರಿಯಾಡಿಬಿ 10.2ರಿಂದಲೇ ಪಾಲಿಸುತ್ತದೆ.

ಅಲ್ಲಿ ಜನ ಜಾಸ್ತಿ ಬಳಸೋದು ಈನಮ್, ಅಂದರೆ ಒಪ್ಪುವ ವ್ಯಾಲ್ಯೂಗಳ ಪಟ್ಟಿಯನ್ನೇ ಕಾಲಂನ ಟೈಪ್ ಆಗಿ ಬರೆಯೋದು. ಇನ್ಫರ್ಮೇಶನ್ ಸ್ಕೀಮಾದ ‘ಕಾಲಂಸ್’ ವ್ಯೂನಲ್ಲಿ ‘ಕಾಲಂ_ಟೈಪ್’ ಓದಿದರೆ ‘ಈನಮ್('ಹೊಸದು','ರದ್ದು')’ ಅಂತ ಚೊಕ್ಕವಾಗಿ ಸಿಗುತ್ತದೆ. ಆದರೆ ಸ್ಟ್ರಿಕ್ಟ್ ಮೋಡ್ (ತಪ್ಪು ವ್ಯಾಲ್ಯೂಗೆ ಎರರ್ ಕೊಡುವ ಸೆಟ್ಟಿಂಗ್) ಆಫ್ ಆಗಿದ್ದರೆ ತಪ್ಪು ವ್ಯಾಲ್ಯೂ ಖಾಲಿ ಸ್ಟ್ರಿಂಗ್ ಆಗಿ ಒಳಗೆ ಕೂರುತ್ತದೆ, ಅದರ ನಂಬರ್ 0. ಪಟ್ಟಿಯಲ್ಲಿ ಇಲ್ಲದ್ದು ಟೇಬಲ್‌ನಲ್ಲಿ ಇರುತ್ತದೆ.

ನಲ್_ಅಲ್ಲ

ನಮ್ಮ ಆಫೀಸಲ್ಲಿ ಎಸ್‌ಕ್ಯೂಎಲ್ ಸರ್ವರ್. ಅಲ್ಲಿ ‘ಸಿಸ್.ಚೆಕ್_ಕನ್‌ಸ್ಟ್ರೇಂಟ್ಸ್’, ಅದರಲ್ಲಿ ‘ಡೆಫಿನಿಶನ್’ ಕಾಲಂ. ‘ಇನ್’ ಬರೆದರೆ ‘ಆರ್’ಗಳ ಸರಪಳಿ ಆಗಿ ಬರುತ್ತದೆ, ಅದೂ ಕೊನೆಯಿಂದ ಮೊದಲಿಗೆ. ಡ್ರಾಪ್‌ಡೌನ್‌ನಲ್ಲಿ ‘ರದ್ದು’ ಮೇಲೆ, ‘ಹೊಸದು’ ಕೆಳಗೆ. ಆ ಕ್ರಮಕ್ಕೆ ಯಾರೂ ಭರವಸೆ ಕೊಟ್ಟಿಲ್ಲ, ಹಾಗಾಗಿ ತಿರುಗಿಸಿ ಹಾಕಿದರೂ ನಂಬೋಕಾಗಲ್ಲ.

ಅಡ್ಡಸಾಲು

ಎಸ್‌ಕ್ಯೂಲೈಟ್‌ನಲ್ಲಿ ಹೇಗೆ? ಆ್ಯಪ್ ಒಳಗೆ ಅದೇ ಇರೋದು.

ಡಿಬಿಎ_ಅಜ್ಜ

ಅಲ್ಲಿ ‘ಎಸ್‌ಕ್ಯೂಲೈಟ್_ಮಾಸ್ಟರ್’ ಟೇಬಲ್‌ನಲ್ಲಿ ನೀವು ಬರೆದ ‘ಕ್ರಿಯೇಟ್ ಟೇಬಲ್’ ವಾಕ್ಯವೇ ಇರುತ್ತದೆ. ಕನ್‌ಸ್ಟ್ರೇಂಟ್‌ಗೆ ಅಂತ ಬೇರೆ ಟೇಬಲ್ ಇಲ್ಲ. ಪೂರ್ತಿ ವಾಕ್ಯ ನೀವೇ ಸೀಳಿ ಓದಬೇಕು. ಬೇಡ.

ಓರಾಕಲ್ ಕೇಳದಿದ್ದರೂ ಹೇಳಿಬಿಡುತ್ತೇನೆ, ಅದು ನನ್ನ ತವರುಮನೆ. ‘ಆಲ್_ಕನ್‌ಸ್ಟ್ರೇಂಟ್ಸ್’ನಲ್ಲಿ ‘ಸರ್ಚ್_ಕಂಡಿಶನ್’ ಇದೆ, ಆದರೆ ಅದು ಲಾಂಗ್ ಟೈಪ್. ಅದರ ಮೇಲೆ ಲೈಕ್ ಹಾಕೋಕೂ ಆಗಲ್ಲ. 12ಸಿ ಬಂದಮೇಲೆ ‘ಸರ್ಚ್_ಕಂಡಿಶನ್_ವಿಸಿ’ ಅಂತ ವಾರ್‌ಚಾರ್ ಕಾಲಂ ಕೊಟ್ಟರು. ಆಗ ಉಸಿರಾಡಿದ್ದು ನಾವು.

ಬಸವನಗುಡಿ_ಬ್ಯಾಕೆಂಡ್

ಸರಿ, ರೆಜೆಕ್ಸ್ ಬೇಡ ಅಂತಲೇ ಇಟ್ಟುಕೊಳ್ಳಿ. ಹಾಗಾದರೆ ಪೋಸ್ಟ್‌ಗ್ರೆಸ್‌ನಲ್ಲೇ ಈನಮ್ ಮಾಡಿ. ‘ಪಿಜಿ_ಈನಮ್’ ಕ್ಯಾಟಲಾಗ್‌ನಲ್ಲಿ ಒಂದೊಂದು ಲೇಬಲ್‌ಗೆ ಒಂದೊಂದು ಸಾಲು, ಜೊತೆಗೆ ಕ್ರಮದ ನಂಬರ್. ಇನ್ನೂ ಸುಲಭಕ್ಕೆ ‘ಈನಮ್_ರೇಂಜ್’ ಅಂತ ಫಂಕ್ಷನ್ ಇದೆ, ನಲ್ ಅನ್ನು ಆ ಟೈಪ್‌ಗೆ ಕಾಸ್ಟ್ ಮಾಡಿ ಕೊಟ್ಟರೆ ಪೂರ್ತಿ ಪಟ್ಟಿ ಅರೇ ಆಗಿ ಕೈಗೆ ಬರುತ್ತದೆ. ಪಾರ್ಸ್ ಮಾಡೋ ಗೋಳಿಲ್ಲ, ಒಡೆಯ ಯಾರು ಅನ್ನೋ ರಗಳೆಯಿಲ್ಲ, ಕ್ರಮ ನೀವು ಬರೆದ ಹಾಗೇ.

ಅಡ್ಡಸಾಲು

ಇದು ಒಪ್ಪುವ ಮಾತು. ರಕ್ತದ ಗುಂಪು ಇದ್ದ ಹಾಗೆ ಎಂಟೇ ಎಂಟು, ಎಂದೂ ಬದಲಾಗದ್ದು ಅಂದರೆ ಈನಮ್ ಚೆಂದ. ಆದರೆ ಒಮ್ಮೆ ಸೇರಿಸಿದ ಲೇಬಲ್ ತೆಗೆಯೋಕೆ ಪೋಸ್ಟ್‌ಗ್ರೆಸ್‌ನಲ್ಲಿ ದಾರಿ ಇಲ್ಲ. ಹೊಸದು ಸೇರಿಸಬಹುದು, 10ನೇ ವರ್ಶನ್‌ನಿಂದ ಹೆಸರು ಬದಲಿಸಬಹುದು. ತೆಗೆಯಬೇಕು ಅಂದರೆ ಹೊಸ ಟೈಪ್ ಮಾಡಿ ಕಾಲಂ ಅದಕ್ಕೆ ತಿರುಗಿಸಬೇಕು. ಸೇರಿಸುವಾಗಲೂ, ಸೇರಿಸಿದ ಟ್ರಾನ್ಸಾಕ್ಷನ್ ಕಮಿಟ್ ಆಗೋವರೆಗೆ ಆ ಲೇಬಲ್ ಬಳಸೋಕಾಗಲ್ಲ. ಮೈಗ್ರೇಶನ್ ಫೈಲ್‌ನಲ್ಲಿ (ಟೇಬಲ್‌ಗಳ ರಚನೆ ಬದಲಿಸುವ ಸ್ಕ್ರಿಪ್ಟ್) ಮೇಲಿನ ಸಾಲಲ್ಲಿ ಸೇರಿಸಿ ಕೆಳಗಿನ ಸಾಲಲ್ಲಿ ಅಪ್‌ಡೇಟ್ ಮಾಡಿದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಕನ್ನಡದಲ್ಲಿ ಲೇಬಲ್ ಬರೆಯೋರು ಇನ್ನೊಂದು ನೋಡಿಕೊಳ್ಳಬೇಕು. ಈನಮ್ ಲೇಬಲ್ 63 ಬೈಟ್ ದಾಟೋ ಹಾಗಿಲ್ಲ. ಇಂಗ್ಲಿಷಿನವರಿಗೆ 63 ಅಂದರೆ ಧಾರಾಳ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಕೋಡ್ ಪಾಯಿಂಟ್‌ಗೆ (ಯೂನಿಕೋಡ್‌ನ ಒಂದೊಂದು ಗುರುತಿಗೆ) 3 ಬೈಟ್, ಅಂದರೆ ನಮಗೆ ಸಿಗೋದು 21. ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಬರುತ್ತವೆ. ‘ರಾಜರಾಜೇಶ್ವರಿ ನಗರ ವಲಯ’ 56 ಬೈಟ್, ಹೇಗೋ ಹಿಡಿಸುತ್ತದೆ. ಮುಂದೆ ‘ಕಚೇರಿ’ ಸೇರಿಸಿದರೆ 72, ಬಾಗಿಲಲ್ಲೇ ಎರರ್.

ನಲ್_ಅಲ್ಲ

ಕನ್ನಡ ಅಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ‘ಕೋರಮಂಗಲ’ದ ‘ಕೋ’ ಎರಡು ರೀತಿ ಟೈಪ್ ಆಗಬಹುದು. ಓಕಾರ ಒಂದೇ ಕೋಡ್ ಪಾಯಿಂಟ್ ಆಗಿ, ಇಲ್ಲ ಒಕಾರದ ಮುಂದೆ ದೀರ್ಘದ ಗುರುತು ಬೇರೆಯಾಗಿ. ಪರದೆ ಮೇಲೆ ಎರಡೂ ಒಂದೇ ಥರ. ಡೇಟಾಬೇಸ್‌ಗೆ ಬೈಟ್ ಬೇರೆ, ಹಾಗಾಗಿ ಚೆಕ್ ಒಪ್ಪಲ್ಲ. ಬಳಕೆದಾರರು ‘ಸರಿಯಾಗೇ ಬರೆದಿದ್ದೀನಲ್ರೀ’ ಅಂತ ಫೋನ್ ಮಾಡುತ್ತಾರೆ, ಸ್ಕ್ರೀನ್‌ಶಾಟ್ ನೋಡಿದರೆ ಸರಿಯಾಗೇ ಇರುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಸ್’ ಫಂಕ್ಷನ್ ಇದೆ, ಒಳಗೆ ಬರುವಾಗಲೇ ಎನ್‌ಎಫ್‌ಸಿಗೆ (ಓಕಾರ ಒಂದೇ ಕೋಡ್ ಪಾಯಿಂಟ್ ಆಗಿರುವ ರೂಪಕ್ಕೆ) ತಿರುಗಿಸಿ. ಇಲ್ಲವಾದರೆ ಟೇಬಲ್‌ನಲ್ಲಿ ಇಂಗ್ಲಿಷ್ ಕೋಡ್ ಇಟ್ಟು, ಕನ್ನಡ ಹೆಸರು ಪ್ರತ್ಯೇಕ ಇಡಿ. ನನ್ನ ಓಟು ಎರಡನೇದಕ್ಕೆ.

ಸಾಲು_ಕಾಲಂ

ಎಲ್ಲರೂ ‘ಹೇಗೆ ಓದೋದು’ ಅಂತಲೇ ಮಾತಾಡ್ತಾ ಇದ್ದೀರಿ. ಪ್ರಶ್ನೆಯಲ್ಲೇ ಇರೋ ಉದಾಹರಣೆ ಒಂದ್ಸಲ ನೋಡಿ. ಬಿಬಿಎಂಪಿಯ ಎಂಟು ವಲಯ. ಬಿಬಿಎಂಪಿ ಎಲ್ಲಿದೆ ಈಗ? 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ.

ಈಗ ಮೇಡಂ ಅವರ ಚೆಕ್ ಏನಾಗಬೇಕು? ‘ಬೊಮ್ಮನಹಳ್ಳಿ’ಯನ್ನು ಅದರಿಂದ ತೆಗೆಯೋಕಾಗಲ್ಲ, ಯಾಕೆಂದರೆ 2023ರ ಚೀಟಿಯಲ್ಲಿ ಬೊಮ್ಮನಹಳ್ಳಿ ಅಂತಲೇ ಇದೆ, ಬಿಲ್ಲೂ ಹಾಗೇ ಪ್ರಿಂಟ್ ಆಗಿದೆ. ತೆಗೆದರೆ ಹಳೇ ಸಾಲು ಚೆಕ್ ದಾಟಲ್ಲ, ಕನ್‌ಸ್ಟ್ರೇಂಟ್ ಸೇರಿಸೋಕೇ ಬಿಡಲ್ಲ. ‘ನಾಟ್ ವ್ಯಾಲಿಡ್’ ಅಂತ ಹಾಕಿ ಹಳೇದನ್ನು ನೋಡದೆ ಬಿಡಬಹುದು. ಆದರೆ ಆಮೇಲೆ ಯಾರಾದರೂ ಆ ಹಳೇ ಚೀಟಿಯ ಫೋನ್ ನಂಬರ್ ತಿದ್ದಲು ಹೋದರೂ ಅಪ್‌ಡೇಟ್ ಹೊತ್ತಿಗೆ ಚೆಕ್ ಎಚ್ಚರಾಗಿ ತಡೆಯುತ್ತದೆ. ಸರಿ, ಹಳೇ ಎಂಟೂ ಇರಲಿ, ಹೊಸ ಐದೂ ಸೇರಲಿ ಅಂದರೆ, ನಿಮ್ಮ ಡ್ರಾಪ್‌ಡೌನ್‌ನಲ್ಲಿ ಮುಚ್ಚಿಹೋದ ವಲಯವೂ ಬರುತ್ತದೆ. ಇನ್ನೂ ಮಜಾ ಏನೆಂದರೆ ‘ದಕ್ಷಿಣ’, ‘ಪೂರ್ವ’, ‘ಪಶ್ಚಿಮ’ ಎರಡರಲ್ಲೂ ಇವೆ. ಹಳೇ ದಕ್ಷಿಣ ವಲಯವೇ ಬೇರೆ, ಈಗಿನ ದಕ್ಷಿಣ ನಗರಪಾಲಿಕೆಯೇ ಬೇರೆ. ಚೆಕ್‌ಗೆ ಎರಡೂ ಒಂದೇ ಸ್ಟ್ರಿಂಗ್.

ಚೆಕ್ ಉತ್ತರ ಕೊಡೋದು ‘ಈ ಕಾಲಂನಲ್ಲಿ ಏನಿರಬಹುದು’ ಅನ್ನೋದಕ್ಕೆ. ಫಾರ್ಮ್ ಕೇಳೋದು ‘ಇವತ್ತು ಏನು ಆರಿಸಬಹುದು’ ಅಂತ. ಡೇಟಾಬೇಸ್ ಹಳೆಯದಾದಷ್ಟೂ ಇವೆರಡರ ನಡುವೆ ಅಂತರ ಹೆಚ್ಚುತ್ತದೆ. ರೆಜೆಕ್ಸ್ ಎಷ್ಟೇ ಚೆನ್ನಾಗಿ ಬರೆದರೂ ಮೊದಲನೇದರ ಉತ್ತರ ತಂದು ಎರಡನೇದಕ್ಕೆ ಕೊಟ್ಟ ಹಾಗೆ.

ಪಂಪ್‌ಹೌಸ್_ಹುಡುಗಿ

ಅಯ್ಯೋ, ಇದು ನಿಜಕ್ಕೂ ನಮ್ಮ ಪಾಡು. ಈಗಲೂ ಆ್ಯಪ್‌ನಲ್ಲಿ ಹಳೇ ಎಂಟೇ ತೋರಿಸುತ್ತಿದೆ. ಪ್ಲಂಬರ್‌ಗಳು ಏನೋ ಒಂದು ಒತ್ತಿ ಮುಂದೆ ಹೋಗುತ್ತಾರೆ. ಹಾಗಾದರೆ ಬೇರೆ ಟೇಬಲ್ ಮಾಡಿ, ಅದರಲ್ಲಿರೋ ವ್ಯಾಲ್ಯೂ ಮಾತ್ರ ಒಪ್ಪುವ ಹಾಗೆ ಫಾರಿನ್ ಕೀ ಹಾಕಬೇಕಾ?

ಸಾಲು_ಕಾಲಂ

ಹೌದು. ‘ಪ್ರದೇಶ’ ಅಂತ ಟೇಬಲ್. ಕೋಡ್, ಕನ್ನಡ ಹೆಸರು, ಇಂಗ್ಲಿಷ್ ಹೆಸರು, ತೋರಿಸುವ ಕ್ರಮ, ಶುರುವಾದ ದಿನ, ಮುಗಿದ ದಿನ. ಹಳೇ ದಕ್ಷಿಣಕ್ಕೊಂದು ಕೋಡ್, ಹೊಸ ದಕ್ಷಿಣಕ್ಕೊಂದು ಕೋಡ್. ಹಳೇ ಎಂಟಕ್ಕೂ ಮುಗಿದ ದಿನ ತುಂಬಿಸಿ. ಫಾರ್ಮ್ ಓದೋದು ಮುಗಿದ ದಿನ ನಲ್ ಇರೋದನ್ನು ಮಾತ್ರ. ಫಾರಿನ್ ಕೀ ಎಲ್ಲವನ್ನೂ ಒಪ್ಪುತ್ತದೆ. ವರದಿಯಲ್ಲಿ ಹಳೇ ಹೆಸರು ಹಳೇದಾಗೇ ಉಳಿಯುತ್ತದೆ. ಪಟ್ಟಿ ತರೋಕೆ ಬರೀ ಒಂದು ಸೆಲೆಕ್ಟ್, ಅದು ಯಾವ ಡೇಟಾಬೇಸ್‌ನಲ್ಲೂ ಓಡುತ್ತದೆ.

ಹಳೇ ಚೀಟಿಗಳನ್ನು ‘ಹೊಸ ಪಾಲಿಕೆಗೆ ತಿರುಗಿಸಿಬಿಡೋಣ’ ಅಂತ ಒಂದೇ ಅಪ್‌ಡೇಟ್ ಓಡಿಸಲು ಹೋಗಬೇಡಿ. ಬೇಕಾದರೆ ವಿಳಾಸ ನೋಡಿ ಹೊಸ ಪಾಲಿಕೆಯನ್ನು ಇನ್ನೊಂದು ಕಾಲಂನಲ್ಲಿ ತುಂಬಿಸಿ.

ಬಸವನಗುಡಿ_ಬ್ಯಾಕೆಂಡ್

ವಲಯಕ್ಕೆ ಒಪ್ಪಿದೆ ಗುರು. ಆದರೆ ಸ್ಥಿತಿಗೂ ಟೇಬಲ್ ಅಂದರೆ ನಾನು ಒಪ್ಪಲ್ಲ. ‘ಹೊಸದು’ ಬಂದರೆ ಮೆಸೇಜ್ ಕಳಿಸು, ‘ಮುಗಿದಿದೆ’ ಬಂದರೆ ಬಿಲ್ ಮಾಡು ಅಂತ ಕೋಡ್‌ನಲ್ಲೇ ಬರೆದಿರುತ್ತೇವೆ. ಯಾರೋ ಟೇಬಲ್‌ಗೆ ‘ಅರ್ಧ ಮುಗಿದಿದೆ’ ಅಂತ ಒಂದು ಸಾಲು ಸೇರಿಸಿದರೆ ಡ್ರಾಪ್‌ಡೌನ್‌ನಲ್ಲಿ ಬರುತ್ತೆ, ಆದರೆ ಅದನ್ನು ಏನು ಮಾಡಬೇಕು ಅಂತ ಕೋಡ್‌ಗೆ ಗೊತ್ತಿರಲ್ಲ. ವ್ಯಾಲ್ಯೂ ಬದಲಾದರೆ ಕೋಡೂ ಬದಲಾಗಲೇಬೇಕು ಅನ್ನುವಂಥದ್ದು ಚೆಕ್‌ನಲ್ಲೋ ಈನಮ್‌ನಲ್ಲೋ ಇರಲಿ.

ಸಾಲು_ಕಾಲಂ

ಇದಕ್ಕೆ ನನ್ನ ತಕರಾರಿಲ್ಲ. ಸ್ಥಿತಿ ಬದಲಿಸೋದು ಪ್ರೋಗ್ರಾಮರ್, ಪ್ರದೇಶ ಬದಲಿಸೋದು ಸರ್ಕಾರ. ಒಂದೇ ಬುಟ್ಟಿಗೆ ಹಾಕಬಾರದು.

ಅಡ್ಡಸಾಲು

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋ ಬಳಸೋರಿಗೆ ಸುಮ್ನೆ ಒಂದು ಮಾತು. ಮಾಡೆಲ್‌ನಲ್ಲಿ ‘ಚಾಯ್ಸಸ್’ ಕೊಟ್ಟರೆ ಡೇಟಾಬೇಸ್‌ನಲ್ಲಿ ಚೆಕ್ ತಾನಾಗೇ ಬರಲ್ಲ. ಅದು ಫಾರ್ಮ್ ಮಟ್ಟದ ಪರೀಕ್ಷೆ ಮಾತ್ರ. ನೇರ ಎಸ್‌ಕ್ಯೂಎಲ್‌ನಿಂದ ಏನು ಬೇಕಾದರೂ ತುರುಕಬಹುದು. ಚೆಕ್ ಬೇಕು ಅಂದರೆ ಮೆಟಾದಲ್ಲಿ ‘ಚೆಕ್‌ಕನ್‌ಸ್ಟ್ರೇಂಟ್’ ಬೇರೆ ಬರೆಯಬೇಕು.

ಡಿಬಿಎ_ಅಜ್ಜ

ಕನ್‌ಸ್ಟ್ರೇಂಟ್ ಓದೋದು ವ್ಯರ್ಥ ಅಂತ ಯಾರೂ ತಿಳಿಯಬೇಡಿ. ಅದಕ್ಕೊಂದು ಒಳ್ಳೇ ಜಾಗ ಇದೆ: ಟೆಸ್ಟ್. ಕೋಡ್‌ನಲ್ಲಿ ಸ್ಥಿತಿಗಳ ಪಟ್ಟಿ ಇದೆ, ಡೇಟಾಬೇಸ್‌ನಲ್ಲಿ ಚೆಕ್ ಇದೆ. ಪ್ರತಿ ಬಿಲ್ಡ್‌ನಲ್ಲಿ ಖಾಲಿ ಡೇಟಾಬೇಸ್ ಎಬ್ಬಿಸಿ, ಮೈಗ್ರೇಶನ್ ಓಡಿಸಿ, ‘ಪಿಜಿ_ಗೆಟ್_ಕನ್‌ಸ್ಟ್ರೇಂಟ್‌ಡೆಫ್’ ಕೊಟ್ಟ ಟೆಕ್ಸ್ಟ್‌ನಿಂದ ಪಟ್ಟಿ ತೆಗೆದು ಎರಡನ್ನೂ ಹೋಲಿಸಿ. ಹೊಂದದಿದ್ದರೆ ಬಿಲ್ಡ್ ಬೀಳಲಿ. ಅಲ್ಲಿ ರೆಜೆಕ್ಸ್ ಎಡವಿದರೂ ಎಡವೋದು ನಿಮ್ಮ ಮುಂದೆ, ಕೆಸರಲ್ಲಿ ನಿಂತಿರೋ ಪ್ಲಂಬರ್ ಮುಂದೆ ಅಲ್ಲ.

ಇನ್ನೂ ಗಟ್ಟಿ ಬೇಕೆಂದರೆ ಟೆಕ್ಸ್ಟ್ ಓದೋದನ್ನೇ ಬಿಡಿ. ಕೋಡ್‌ನ ಒಂದೊಂದು ಸ್ಥಿತಿಯನ್ನೂ ಟೆಸ್ಟ್ ಡೇಟಾಬೇಸ್‌ಗೆ ಇನ್ಸರ್ಟ್ ಮಾಡಿ ನೋಡಿ, ಎಲ್ಲವೂ ಒಳಗೆ ಹೋಗಬೇಕು. ಪಟ್ಟಿಯಲ್ಲಿ ಇಲ್ಲದ ಒಂದನ್ನು ಹಾಕಿ, ಅದು ಬೀಳಬೇಕು. ಇದಕ್ಕೆ ಪೋಸ್ಟ್‌ಗ್ರೆಸ್ ಯಾವ ವರ್ಶನ್‌ನಲ್ಲಿ ಬಾಲ ಹೇಗೆ ಬೆಳೆಸುತ್ತದೆ ಅನ್ನೋ ಚಿಂತೆ ಇಲ್ಲ. ಡೇಟಾಬೇಸ್‌ನಲ್ಲಿ ಜಾಸ್ತಿ ಇದ್ದು ಕೋಡ್‌ನಲ್ಲಿ ಇಲ್ಲದ್ದು ಇದರಿಂದ ಸಿಗಲ್ಲ, ಅದಕ್ಕೆ ಮೊದಲಿನ ವಿಧಾನವೇ ಬೇಕು.

ಪಂಪ್‌ಹೌಸ್_ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಸ್ಥಿತಿ ಚೆಕ್‌ನಲ್ಲೇ ಇರಲಿ ಅಂತ ತೀರ್ಮಾನ ಮಾಡಿದೆವು, ಅಜ್ಜ ಹೇಳಿದ ಟೆಸ್ಟ್ ಸೇರಿಸುತ್ತಿದ್ದೇವೆ. ವಲಯಕ್ಕೆ ‘ಪ್ರದೇಶ’ ಟೇಬಲ್. ಕೊನೇ ಪ್ರಶ್ನೆ: ‘ಕೆಲಸ’ ಟೇಬಲ್ ದೊಡ್ಡದು, ಹಗಲೆಲ್ಲ ಆ್ಯಪ್‌ನಿಂದ ಚೀಟಿ ಬರುತ್ತಲೇ ಇರುತ್ತವೆ. ಫಾರಿನ್ ಕೀ ಹಾಕುವಾಗ ಎಲ್ಲ ನಿಂತುಹೋಗುತ್ತಾ?

ಡಿಬಿಎ_ಅಜ್ಜ

ಒಂದೇ ಏಟಿಗೆ ಹಾಕಿದರೆ ಹಳೇ ಸಾಲೆಲ್ಲ ನೋಡಿ ಮುಗಿಸೋವರೆಗೆ ಬರೆಯೋದು ನಿಲ್ಲುತ್ತದೆ, ಓದೋದು ನಡೆಯುತ್ತದೆ. ಅದಕ್ಕೆ ಎರಡು ಹೆಜ್ಜೆ ಮಾಡಿ. ಮೊದಲು ‘ಪ್ರದೇಶ’ ಟೇಬಲ್ ತುಂಬಿಸಿ, ‘ಕೆಲಸ’ಕ್ಕೆ ‘ಪ್ರದೇಶ_ಕೋಡ್’ ಕಾಲಂ ಸೇರಿಸಿ, ಹಳೇ ಸಾಲುಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೋಡ್ ತುಂಬಿಸಿ. ಆಮೇಲೆ ಫಾರಿನ್ ಕೀಯನ್ನು ‘ನಾಟ್ ವ್ಯಾಲಿಡ್’ ಅಂತ ಹಾಕಿ. ಹಳೇದನ್ನು ನೋಡಲ್ಲ, ಹಾಗಾಗಿ ಲಾಕ್ ಕ್ಷಣದಲ್ಲಿ ಮುಗಿಯುತ್ತದೆ, ಹೊಸ ಸಾಲುಗಳಿಗೆ ಆಗಲೇ ಜಾರಿ. ನಂತರ ಬೇರೆ ಟ್ರಾನ್ಸಾಕ್ಷನ್‌ನಲ್ಲಿ ‘ವ್ಯಾಲಿಡೇಟ್ ಕನ್‌ಸ್ಟ್ರೇಂಟ್’. ಅದು ಹಳೇದನ್ನೆಲ್ಲ ನೋಡುತ್ತದೆ, ಆದರೆ ಇನ್ಸರ್ಟ್, ಅಪ್‌ಡೇಟ್ ತಡೆಯಲ್ಲ.

ಹಳೇ ಚೆಕ್ ತೆಗೆಯೋದು ಕೊನೆಗೆ, ಎಲ್ಲರ ಮೊಬೈಲ್‌ನಲ್ಲೂ ಹೊಸ ಆ್ಯಪ್ ಬಂದಮೇಲೆ. ಅಲ್ಲೀವರೆಗೆ ‘ವಲಯ’ಕ್ಕೆ ‘ನಾಟ್ ನಲ್’ ಇದ್ದರೆ ಸಡಿಲಿಸಿ, ಇಲ್ಲವಾದರೆ ಹೊಸ ಆ್ಯಪ್‌ನ ಚೀಟಿ ಒಳಗೆ ಹೋಗಲ್ಲ. ತೆಗೆಯುವಾಗ ಲಾಕ್ ಜೋರು, ಆದರೆ ಚುಟುಕು. ಉದ್ದದ ವರದಿ ಕ್ವೆರಿ ಓಡುತ್ತಿದ್ದರೆ ಅದರ ಹಿಂದೆ ಕಾಯುತ್ತಾ ನಿಂತು ಉಳಿದವರನ್ನೂ ನಿಲ್ಲಿಸುತ್ತದೆ. ‘ಲಾಕ್_ಟೈಮ್‌ಔಟ್’ ಕೆಲವು ಸೆಕೆಂಡಿಗೆ ಇಟ್ಟುಕೊಂಡು ಓಡಿಸಿ, ಆಗದಿದ್ದರೆ ಮತ್ತೆ ಓಡಿಸಿ. ತಿಂಗಳ ವರದಿಯ ಆ ಪೈಥಾನ್ ಸ್ಕ್ರಿಪ್ಟ್ ಓಡೋ ರಾತ್ರಿ ಮಾತ್ರ ಬೇಡ.

ಪಂಪ್‌ಹೌಸ್_ಹುಡುಗಿ

ಆ ಸ್ಕ್ರಿಪ್ಟ್‌ನಲ್ಲೇ ‘ಆರ್.ಆರ್. ನಗರ’ ಇರೋದು. ಮೊದಲು ಅದನ್ನೇ ‘ಪ್ರದೇಶ’ದಿಂದ ಓದುವ ಹಾಗೆ ಮಾಡುತ್ತೇನೆ.